ಚಿಕಾಗೋದ ಅಸ್ಪೃಶ್ಯರು, ಚಳ್ಳಕೆರೆಯ ಅಸ್ಪೃಶ್ಯರು

ಹೋದ ಬೇಸಿಗೆಯ ಒಂದು ರಾತ್ರಿ ಚಳ್ಳಕೆರೆಯ ಬಾಡಿಗೆ ರೂಮೊಂದರಲ್ಲಿ ನಾವು ಆರು ಜನ ಕೂತು ಒಂದು ಇಂಗ್ಲಿಷ್ ಸಿನಿಮಾ ನೋಡಿದೆವು. ಆರು ಜನರಲ್ಲಿ ಯಾರಪ್ಪನೂ ಎಸ್ಸೆಸ್ಸೆಲ್ಸಿ ಮುಟ್ಟಿದವನಲ್ಲ. ಮೂವರು ಚಳ್ಳಕೆರೆ ತಾಲ್ಲೂಕಿನ ಕೇರಿಗಳವರು, ಇಬ್ಬರು ಮೊಳಕಾಲ್ಮುರು ಕಡೆಯವರು, ಒಬ್ಬ ತಾಂಡಾದವನು. ಗೆಳೆಯನ ಲ್ಯಾಪ್‌ಟಾಪಿನಲ್ಲಿದ್ದ ಹತ್ತಾರು ಸಿನಿಮಾಗಳಲ್ಲಿ ಇದನ್ನೇ ಹಾಕು ಎಂದು ಹಠ ಹಿಡಿದವರು ನಾವು. ಕಾರಣ ಅದರ ಹೆಸರು: 'ದಿ ಅನ್‌ಟಚಬಲ್ಸ್'. ಅಸ್ಪೃಶ್ಯರು! ಅಮೆರಿಕಾದವರು ನಮ್ಮ ಮೇಲೂ ಒಂದು ಸಿನಿಮಾ ತೆಗೆದಿದ್ದಾರಲ್ಲ ಎಂದು ಖುಷಿಪಟ್ಟೆವು.

ಸಿನಿಮಾ ಶುರುವಾಗಿ ಹತ್ತು ನಿಮಿಷಕ್ಕೆ ಗೊತ್ತಾಯಿತು, ಅದರಲ್ಲಿ ಕೇರಿಯೂ ಇಲ್ಲ, ಹೊಲೆಮಾದಿಗರೂ ಇಲ್ಲ. ಕೋಟು ಟೋಪಿ ಹಾಕಿದ ಬಿಳಿಯರು, ಬಂದೂಕು, ಚಿಕಾಗೋ ನಗರ, ಕಳ್ಳ ವಿಸ್ಕಿ. ೧೯೮೭ರಲ್ಲಿ ಬ್ರಯಾನ್ ಡಿ ಪಾಲ್ಮಾ ತೆಗೆದ ಚಿತ್ರ. ಅಮೆರಿಕಾದ ಪಾನನಿರೋಧದ ಕಾಲದ ಕಥೆ. ಕಳ್ಳ ಸಾರಾಯಿ ದೊರೆ ಆಲ್ ಕಪೋನ್ ಒಂದು ಕಡೆ, ಅವನನ್ನು ಹಿಡಿಯಲು ಹೊರಟ ಅಧಿಕಾರಿ ಎಲಿಯಟ್ ನೆಸ್ ಇನ್ನೊಂದು ಕಡೆ. ನೆಸ್‌ನ ಸಣ್ಣ ತಂಡಕ್ಕೆ ಪತ್ರಿಕೆಯವರು ಇಟ್ಟ ಹೆಸರೇ 'ಅನ್‌ಟಚಬಲ್ಸ್'. ಲಂಚದ ದುಡ್ಡು ಇವರನ್ನು ಮುಟ್ಟಲಾರದು, ಹಾಗಾಗಿ ಇವರು ಮುಟ್ಟಲಾಗದವರು!

ನಮಗೆ ನಗುವೂ ಬಂತು, ಸಿಟ್ಟೂ ಬಂತು. ಸಾವಿರಾರು ವರ್ಷಗಳಿಂದ ನಮ್ಮ ಹಣೆಗೆ ಹಚ್ಚಿದ ಕೊಳೆ ಶಬ್ದವೊಂದು ಸಮುದ್ರ ದಾಟಿ ಹೋಗಿ ಪ್ರಾಮಾಣಿಕ ಪೊಲೀಸಿನವನ ಎದೆಯ ಮೇಲೆ ಬಿಲ್ಲೆಯಾಗಿ ಕೂತಿದೆ. ಸಿನಿಮಾ ಮುಗಿದ ಮೇಲೆ ಬೆಳಗಿನ ಜಾವದವರೆಗೆ ಮಾತಾಡಿದೆವು. ತಾಂಡಾದ ಗೆಳೆಯ ಒಂದು ಪ್ರಶ್ನೆ ಎಸೆದ: 'ಆ ಕಾಯ್ದೆ ನಮ್ಮಲ್ಲೂ ಇತ್ತಂತಲ್ಲ. ಆವಾಗ ನಮ್ಮ ಕಡೆ ಕಪೋನ್ ಯಾರು? ಸಿಕ್ಕಿಬಿದ್ದೋರು ಯಾರು?' ಈ ಬರಹ ಆ ಪ್ರಶ್ನೆಗೆ ನಾವು ಹುಡುಕಿಕೊಂಡ ಉತ್ತರ.

೧

ಮೊದಲು ಅಮೆರಿಕಾದ ಕಥೆ. ಅಲ್ಲಿ ಸಂವಿಧಾನಕ್ಕೆ ೧೮ನೇ ತಿದ್ದುಪಡಿ ತಂದು ೧೯೨೦ರ ಜನವರಿಯಿಂದ ಮದ್ಯ ತಯಾರಿಕೆ, ಸಾಗಣೆ, ಮಾರಾಟ ಎಲ್ಲವನ್ನೂ ನಿಷೇಧಿಸಿದರು. ಕುಡಿದು ಬಂದ ಗಂಡನಿಂದ ಏಟು ತಿಂದ ಹೆಂಗಸರು, ಚರ್ಚಿನವರು, ಸುಧಾರಕರು ದಶಕಗಳ ಕಾಲ ಹೋರಾಡಿ ತಂದ ಕಾನೂನು ಅದು. ಆ ಹೋರಾಟದ ನೋವು ಸುಳ್ಳಲ್ಲ. ಆದರೆ ಅದೇ ಗುಂಪಿನಲ್ಲಿ ಬೇರೆಯವರೂ ಸೇರಿಕೊಂಡಿದ್ದರು. ಐರಿಷರು, ಇಟಲಿಯವರು, ಜರ್ಮನರು – ಹೊರಗಿಂದ ಬಂದ ಬಡವರೆಲ್ಲ ಕುಡುಕರು, ಅವರನ್ನು ಬಗ್ಗಿಸಬೇಕು ಎನ್ನುವವರು. ಕರಿಯರನ್ನು ಮರಕ್ಕೆ ನೇತುಹಾಕಿದ ಪರಂಪರೆಯ ಕು ಕ್ಲುಕ್ಸ್ ಕ್ಲಾನ್ ಸಹ ೧೯೨೦ರ ದಶಕದಲ್ಲಿ ಪಾನನಿರೋಧದ ದೊಡ್ಡ ಬೆಂಬಲಿಗ ಸಂಘಟನೆಯಾಗಿತ್ತು ಎಂಬುದನ್ನು ನಾವು ಮರೆಯಬಾರದು.

ಕಾನೂನು ಬಂದಾಗ ಶ್ರೀಮಂತರು ಏನು ಮಾಡಿದರು? ೧೯೨೦ಕ್ಕೆ ಮುಂಚೆಯೇ ನೆಲಮಾಳಿಗೆಯಲ್ಲಿ ಪೀಪಾಯಿಗಟ್ಟಲೆ ತುಂಬಿಟ್ಟುಕೊಂಡರು. ಮೊದಲೇ ಕೊಂಡದ್ದನ್ನು ಮನೆಯಲ್ಲಿ ಕುಡಿದರೆ ತಪ್ಪಿರಲಿಲ್ಲ. ಡಾಕ್ಟರು ಚೀಟಿ ಬರೆದುಕೊಟ್ಟರೆ ಔಷಧಿ ಅಂಗಡಿಯಲ್ಲೇ ವಿಸ್ಕಿ ಸಿಗುತ್ತಿತ್ತು. ಬಡವನಿಗೆ ಸಿಕ್ಕಿದ್ದು ಕಳ್ಳ ಸರಕು. ಕಾರ್ಖಾನೆಗೆಂದು ಇದ್ದ ಆಲ್ಕೋಹಾಲನ್ನು ಕದ್ದು ಕುಡಿಯುತ್ತಾರೆಂದು ೧೯೨೬ರ ಕೊನೆಯ ಹೊತ್ತಿಗೆ ಅಲ್ಲಿನ ಸರ್ಕಾರ ಅದಕ್ಕೆ ಬೆರೆಸುತ್ತಿದ್ದ ಮಿಥೈಲ್ ವಿಷವನ್ನು ಇನ್ನೂ ಜಾಸ್ತಿ ಮಾಡಿತು. ಜನ ಕುರುಡರಾದರು, ಸತ್ತರು. ಕುಡಿಯಬೇಡ ಎಂದ ಪ್ರಭುತ್ವವೇ ಕುಡಿದವನಿಗೆ ವಿಷ ಹಾಕಿದ ಚರಿತ್ರೆ ಇದು.

ಈ ಸಂದಿಯಲ್ಲಿ ಬೆಳೆದವನು ಕಪೋನ್. ಪೊಲೀಸರು, ನ್ಯಾಯಾಧೀಶರು, ನಗರಸಭೆಯವರು ಅವನ ಪಟ್ಟಿಯಲ್ಲಿದ್ದರು. ೧೯೨೯ರ ಫೆಬ್ರವರಿ ೧೪ರಂದು ಚಿಕಾಗೋದ ಗ್ಯಾರೇಜೊಂದರಲ್ಲಿ ಎದುರು ಗುಂಪಿನ ಏಳು ಜನರನ್ನು ಗೋಡೆಗೆ ನಿಲ್ಲಿಸಿ ಸುಟ್ಟರು. ಅದೇ ಕಪೋನ್ ಮರುವರ್ಷ ಕೆಲಸ ಕಳೆದುಕೊಂಡವರಿಗೆ ಪುಕ್ಕಟೆ ಗಂಜಿ ಕೇಂದ್ರ ತೆಗೆದ. ಹಸಿದವರು ಅವನಿಗೆ ಕೈಮುಗಿದರು. ಕೊನೆಗೆ ೧೯೩೧ರಲ್ಲಿ ಅವನಿಗೆ ಹನ್ನೊಂದು ವರ್ಷ ಶಿಕ್ಷೆಯಾಯಿತು – ಕೊಲೆಗಲ್ಲ, ಸಾರಾಯಿಗೂ ಅಲ್ಲ, ಆದಾಯ ತೆರಿಗೆ ಕಟ್ಟದ್ದಕ್ಕೆ! ಸಿನಿಮಾದಲ್ಲಿ ನೆಸ್ ಬಂದೂಕು ಹಿಡಿದು ಎಲ್ಲವನ್ನೂ ತಾನೇ ಮುಗಿಸುತ್ತಾನೆ. ನಿಜದಲ್ಲಿ ಕಪೋನ್‌ನನ್ನು ಕೆಡವಿದವರು ಲೆಕ್ಕದ ಪುಸ್ತಕ ತಿರುವಿದ ತೆರಿಗೆ ಇಲಾಖೆಯ ಗುಮಾಸ್ತರು.

ಎರಡೇ ವರ್ಷಕ್ಕೆ, ೧೯೩೩ರ ಡಿಸೆಂಬರ್‌ನಲ್ಲಿ, ಪಾನನಿರೋಧವನ್ನೇ ತೆಗೆದುಹಾಕಿದರು. ದೊಡ್ಡ ಆರ್ಥಿಕ ಕುಸಿತ ಬಂದು ಸರ್ಕಾರದ ಬೊಕ್ಕಸ ಬರಿದಾಗಿತ್ತು. ಬೊಕ್ಕಸಕ್ಕೆ ಸಾರಾಯಿ ದುಡ್ಡು ಬೇಕಾಯಿತು. ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ನಮ್ಮ ಕಥೆಯಲ್ಲೂ ಇದು ಬರುತ್ತದೆ.

೨

ಈಗ ನಮ್ಮ ನೆಲಕ್ಕೆ ಬರೋಣ. ಚಳ್ಳಕೆರೆ, ಮೊಳಕಾಲ್ಮುರು ಅಂದರೆ ಮಳೆ ಮರೆತ ಸೀಮೆ. ಕಡಲೆಕಾಯಿ, ಕುರಿ, ಕಂಬಳಿ, ಜಾಲಿ ಮುಳ್ಳು. ಮೇಲಿನಿಂದ ಬರುವ ಕಟ್ಟಳೆ ನಮ್ಮ ನೆಲಕ್ಕೆ ಹೊಸದಲ್ಲ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ, ೧೮೯೨ರಲ್ಲಿ ಬಿ. ಎಲ್. ರೈಸ್ ಅವುಗಳನ್ನು ಲೋಕಕ್ಕೆ ತೋರಿಸಿದ. ತಂದೆತಾಯಿ ಮಾತು ಕೇಳು, ಪ್ರಾಣಿಗಳಿಗೆ ದಯೆ ತೋರು, ನಿಜ ನುಡಿ ಎಂದು ದೊರೆ ಬರೆಸಿ ಹೋದ. ಬಂಡೆಯ ಕೆಳಗೆ ಕುರಿ ಕಾಯುವವನಿಗೆ ಅದನ್ನು ಓದಲು ಬರುತ್ತಿತ್ತೇ ಎಂದು ಕೇಳಿದವರಿಲ್ಲ.

ಮೇಲಿನಿಂದ ಬಂದ ಕಾನೂನು ಬಿಟ್ಟು ಒಳಗಿನಿಂದಲೇ ಹುಟ್ಟಿದ ಕಟ್ಟಳೆಯೂ ನಮ್ಮಲ್ಲಿದೆ. ಮ್ಯಾಸನಾಯಕರ ಹಟ್ಟಿಗಳಲ್ಲಿ ಹೆಂಡ ನಿಷಿದ್ಧ, ಕೋಳಿ ಹಂದಿ ನಿಷಿದ್ಧ. ಹೆಂಡ ಕೊಡುವ ಈಚಲು ಮರದ ತಂಟೆಗೇ ಹೋಗಬಾರದೆಂಬ ಕಟ್ಟು. ಬ್ರಿಟಿಷರ ಕಾಲದಲ್ಲಿ ಜಾತಿಗಳ ವಿವರ ಬರೆದವರು ಕೂಡ ಇದನ್ನು ಕಂಡು ಬೆರಗಾಗಿ ದಾಖಲಿಸಿದ್ದಾರೆ. ಸರ್ಕಾರವಿಲ್ಲದೆ, ಪೊಲೀಸಿಲ್ಲದೆ, ದೇವರ ಎತ್ತುಗಳ ಮುಂದೆ ಮಾಡಿದ ಆಣೆಯೊಂದರಿಂದಲೇ ನಡೆದ ಪಾನನಿರೋಧ ಇದು. ಗಾಂಧಿ ಹುಟ್ಟುವ ಮೊದಲೇ ಇಲ್ಲಿನ ಬುಡಕಟ್ಟು ಜನ ಅದನ್ನು ಪಾಲಿಸಿದ್ದರು. ಇದು ನಮಗೆ ಹೆಮ್ಮೆಯೇ.

ಆದರೆ ನಾವು ಇನ್ನೊಂದು ಮಾತನ್ನೂ ಹೇಳಲೇಬೇಕು. ಹೆಂಡವನ್ನು ಹೊರಗಿಟ್ಟ ಶುದ್ಧದ ಬೇಲಿಯೇ ಮುಟ್ಟಾದ ಹೆಣ್ಣನ್ನೂ ಹೊರಗಿಟ್ಟಿದೆ, ಕೇರಿಯವನನ್ನೂ ಹೊರಗಿಟ್ಟಿದೆ. ಮಡಿಯ ಬೇಲಿಗೆ ಯಾವುದು ವಿಷ, ಯಾರು ಮನುಷ್ಯ ಎಂಬ ವ್ಯತ್ಯಾಸ ಗೊತ್ತಾಗುವುದಿಲ್ಲ. ೨೦೧೯ರ ಸೆಪ್ಟೆಂಬರ್‌ನಲ್ಲಿ ನಮ್ಮ ಚಿತ್ರದುರ್ಗ ಕ್ಷೇತ್ರದ ಲೋಕಸಭಾ ಸದಸ್ಯರಾಗಿದ್ದ ಎ. ನಾರಾಯಣಸ್ವಾಮಿ ಪಾವಗಡ ತಾಲ್ಲೂಕಿನ ಗೊಲ್ಲರಹಟ್ಟಿಯೊಂದಕ್ಕೆ ಹೋದಾಗ ದಲಿತರೆಂಬ ಕಾರಣಕ್ಕೆ ಒಳಗೆ ಬಿಡಲಿಲ್ಲ. ಲಕ್ಷಾಂತರ ಓಟು ಪಡೆದ ಮನುಷ್ಯ ಹಟ್ಟಿಯ ಹೊರಗೆ ಕುರ್ಚಿ ಹಾಕಿಸಿಕೊಂಡು ಕೂರಬೇಕಾಯಿತು. ಕೆಲವು ದಿನಗಳ ಮೇಲೆ ಹಟ್ಟಿಯವರೇ ಅವರನ್ನು ಬರಮಾಡಿಕೊಂಡರು, ಅದನ್ನೂ ಹೇಳಬೇಕು. ಆದರೂ ಚಿಕಾಗೋದ 'ಅನ್‌ಟಚಬಲ್' ಯಾರು, ಚಿತ್ರದುರ್ಗದ 'ಅನ್‌ಟಚಬಲ್' ಯಾರು ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕೇ? ಅಲ್ಲಿ ಮುಟ್ಟಲಾಗದವನು ಬಿಲ್ಲೆ ಹಾಕಿಕೊಂಡು ಯಾರ ಮನೆಗಾದರೂ ನುಗ್ಗುತ್ತಾನೆ. ಇಲ್ಲಿ ಅವನು ಪಾರ್ಲಿಮೆಂಟಿಗೆ ಹೋಗಬಹುದು, ಹಟ್ಟಿಯೊಳಗೆ ಹೋಗುವಂತಿಲ್ಲ.

೩

ಬ್ರಿಟಿಷರೂ ಮೈಸೂರು ಅರಸರೂ ಹೆಂಡ ಸಾರಾಯಿಯನ್ನು ಬೊಕ್ಕಸದ ಹಸುವಾಗಿ ಸಾಕಿದರು. ಅದಕ್ಕೆ ಅಬ್ಕಾರಿ ಎಂದು ಹೆಸರು. ಮರಕ್ಕೆ ತೆರಿಗೆ, ಅಂಗಡಿಗೆ ಹರಾಜು. ಹೆಚ್ಚು ಕೂಗಿದವನಿಗೆ ಗುತ್ತಿಗೆ. ಗುತ್ತಿಗೆ ಹಿಡಿದವನು ಕೂಗಿದ ದುಡ್ಡಿನ ಮೇಲೆ ಲಾಭ ತೆಗೆಯಬೇಕಾದರೆ ಕೂಲಿಯವನ ಕೈಯಲ್ಲಿ ಇನ್ನೊಂದು ಲೋಟ ಇಡಬೇಕು. ಲೋಟ ತುಂಬಿದಷ್ಟೂ ಬೊಕ್ಕಸ ತುಂಬಿತು. ಕುಡಿತವನ್ನು ಚಟ ಎಂದವರು ಅದನ್ನು ಆದಾಯ ಎಂದು ಲೆಕ್ಕ ಬರೆದರು.

ಇದರ ವಿರುದ್ಧ ಗಾಂಧಿಯವರ ಕಾಂಗ್ರೆಸ್ಸು ಹೆಂಡದಂಗಡಿಗಳ ಮುಂದೆ ಪಿಕೆಟಿಂಗ್ ಮಾಡಿತು. ೧೯೩೭ರಲ್ಲಿ ಮದ್ರಾಸ್ ಪ್ರಾಂತ್ಯದ ಪ್ರಧಾನಿಯಾದ ರಾಜಾಜಿ ಸೇಲಂ ಜಿಲ್ಲೆಯಿಂದ ಪಾನನಿರೋಧ ಶುರುಮಾಡಿದರು. ಅಬ್ಕಾರಿ ದುಡ್ಡು ನಿಂತಿದ್ದಕ್ಕೆ ಬದಲಾಗಿ ೧೯೩೯ರಲ್ಲಿ ಮಾರಾಟ ತೆರಿಗೆ ತಂದರು. ಕುಡಿಯುವವನಿಂದ ಬರುತ್ತಿದ್ದ ದುಡ್ಡು ಈಗ ಅಂಗಡಿ ಸಾಮಾನು ಕೊಳ್ಳುವ ಎಲ್ಲರಿಂದಲೂ ಬರತೊಡಗಿತು. ನಡುವೆ ಯುದ್ಧ ಬಂದು ನಿಂತುಹೋದ ಕಾನೂನು ಸ್ವಾತಂತ್ರ್ಯದ ಹೊತ್ತಿಗೆ ಮತ್ತೆ ಜೀವ ಪಡೆದು, ೧೯೪೮ರ ಅಕ್ಟೋಬರ್ ಹೊತ್ತಿಗೆ ಇಡೀ ಮದ್ರಾಸ್ ಪ್ರಾಂತ್ಯ 'ಒಣ' ಪ್ರಾಂತ್ಯವಾಯಿತು.

ಮದ್ರಾಸು ನಮಗೆ ದೂರವಲ್ಲ. ಭೂಪಟ ನೋಡಿ. ಮೊಳಕಾಲ್ಮುರು ಅಂದರೆ ಮೈಸೂರು ರಾಜ್ಯ ಮದ್ರಾಸಿನೊಳಗೆ ಚಾಚಿದ ನಾಲಿಗೆ. ಆ ಕಾಲಕ್ಕೆ ಬಳ್ಳಾರಿ ಮದ್ರಾಸಿನದು, ರಾಯದುರ್ಗ ಬಳ್ಳಾರಿ ಜಿಲ್ಲೆಯದು. ೧೯೫೩ರ ಅಕ್ಟೋಬರ್‌ನಲ್ಲಿ ಬಳ್ಳಾರಿ ಮೈಸೂರಿಗೆ ಬಂತು; ರಾಯದುರ್ಗ, ಆದೋನಿ, ಆಲೂರು ಆಂಧ್ರಕ್ಕೆ ಹೋದವು. ಕನ್ನಡ ತೆಲುಗು ಎರಡೂ ಆಡುವ, ಎರಡು ಕಡೆಗೂ ಹೆಣ್ಣು ಕೊಟ್ಟು ತಂದುಕೊಂಡ ಜನರ ಹೊಲಗಳ ನಡುವೆ ಗೆರೆ ಎಳೆದರು. ಅಂದಿನಿಂದ ಇಂದಿನವರೆಗೆ ಈ ಗೆರೆಯ ಒಂದು ಕಡೆ ಕಾನೂನು ಬಿಗಿಯಾದಾಗಲೆಲ್ಲ ಇನ್ನೊಂದು ಕಡೆ ಯಾರದ್ದೋ ಜೇಬು ದಪ್ಪಗಾಗಿದೆ.

ಮೈಸೂರಿನಲ್ಲೂ ೧೯೪೮ರಲ್ಲಿ ಪಾನನಿರೋಧ ಕಾಯ್ದೆ ಬಂತು. ಹಂತಹಂತವಾಗಿ ಜಿಲ್ಲೆಗಳಿಗೆ ಹರಡಿತು. ೧೯೫೦ರಲ್ಲಿ ಜಾರಿಗೆ ಬಂದ ಸಂವಿಧಾನದ ೪೭ನೇ ವಿಧಿ ಮದ್ಯನಿಷೇಧದ ಕಡೆ ಸರ್ಕಾರ ಪ್ರಯತ್ನಿಸಬೇಕು ಎಂದು ನಿರ್ದೇಶಿಸಿತು. ಏಕೀಕರಣವಾಗಿ ಮುಂಬೈ ಕಡೆಯ, ಮದ್ರಾಸ್ ಕಡೆಯ ಜಿಲ್ಲೆಗಳೆಲ್ಲ ಸೇರಿದ ಮೇಲೆ ೧೯೬೧ರಲ್ಲಿ ರಾಜ್ಯ ಹೊಸದಾಗಿ ಪಾನನಿರೋಧ ಕಾಯ್ದೆ ಮಾಡಿಕೊಂಡಿತು.

ಇದಿಷ್ಟು ಪುಸ್ತಕದ ಚರಿತ್ರೆ. ಕೇರಿಯ ಚರಿತ್ರೆ ಬೇರೆ ಇದೆ. ಮೊಳಕಾಲ್ಮುರು ಕಡೆಯ ನಮ್ಮ ಗೆಳೆಯನ ಕೇರಿಯಲ್ಲಿ ಎಂಬತ್ತು ದಾಟಿದ ತಾತ ಒಬ್ಬರಿದ್ದಾರೆ. ಸಿನಿಮಾ ನೋಡಿದ ವಾರದಲ್ಲೇ ಅವರ ಮುಂದೆ ಹೋಗಿ ಕೂತೆವು.

'ತಾತಾ, ಪಾನನಿರೋಧ ಅಂತ ಒಂದು ಕಾನೂನಿತ್ತಂತೆ, ನೆನಪೈತಾ?'

'ಇರ್ದೆ ಏನು ಮಗಾ. ಪಾನಿರೋದ ಅಂತಿದ್ವಿ. ನಾನಿನ್ನೂ ಚಡ್ಡಿ ಹುಡುಗ. ನಮ್ಮಪ್ಪ ಬೆಲ್ಲ, ಜಾಲಿ ಚಕ್ಕೆ ಹಾಕಿ ಮಡಕೇಲಿ ಕೊಳೆಸಿ ಹಿತ್ಲಾಗೆ ಹೂಳೋನು. ಬೆಲ್ಲ ಯಾರ್ದು? ಗೌಡ್ರುದು. ಕಾಸಿ ಇಳಿಸಿದ್ಮ್ಯಾಲೆ ಮೊದಲ್ನೇ ಬಾಟ್ಲು ಯಾರಿಗೆ? ಗೌಡ್ರಿಗೆ. ಪೊಲೀಸ್ನೋರು ಬಂದಾಗ ಮಡಕೆ ಸಿಕ್ಕಿದ್ದು ನಮ್ ಹಿತ್ಲಾಗೆ. ಬೇಡಿ ಬಿದ್ದಿದ್ದು ಯಾರಿಗೆ, ನೀನೇ ಹೇಳು.'

'ನಿಮ್ಮನೆ ಮಡಕೇದು ಕುಡಿದ್ರೆ ಗೌಡ್ರಿಗೆ ಮೈಲಿಗೆ ಆಗ್ತಿರ್ಲಿಲ್ವಾ ತಾತಾ?'

ತಾತ ನಕ್ಕರು. ಹಲ್ಲಿಲ್ಲದ ಬಾಯಿಯ ಆ ನಗೆ ನಮ್ಮ ಕಣ್ಣಲ್ಲೇ ಇದೆ. 'ಕತ್ಲಾಗೆ ಮೈಲಿಗೆ ಇರಲ್ಲ ಕಣಪ್ಪಾ' ಎಂದರು.

ಗೆಳೆಯರೇ, ಪಾನನಿರೋಧದ ಚರಿತ್ರೆಯನ್ನು ಬರೆಯುವವರು ಈ ಒಂದು ಮಾತನ್ನು ದಾಟಿ ಹೋಗಲಾರರು. ನೀರು ಮುಟ್ಟಿದರೆ ಬಾವಿ ಕೆಡುತ್ತದೆ ಎಂದ ಊರು ಅದೇ ಕೈ ಕಾಸಿದ ಸಾರಾಯಿಯನ್ನು ಕತ್ತಲೆಯಲ್ಲಿ ಕುಡಿಯಿತು. ಮಾಲು ಮುಟ್ಟಬಹುದು, ಮನುಷ್ಯನನ್ನು ಮುಟ್ಟಬಾರದು. ಲಾಭ ಊರಿಗೆ, ಕೇಸು ಕೇರಿಗೆ. ತಾಂಡಾದ ಗೆಳೆಯನ ಮನೆಯಲ್ಲೂ ಇದೇ ಕಥೆ. ಬ್ರಿಟಿಷರು 'ಅಪರಾಧಿ ಬುಡಕಟ್ಟು' ಎಂದು ಹಣೆಪಟ್ಟಿ ಹಚ್ಚಿದ ಜನರನ್ನು ೧೯೫೨ರಲ್ಲಿ ಆ ಕಾಯ್ದೆಯಿಂದ ಬಿಡುಗಡೆ ಮಾಡಿದರು. ಕಾಯ್ದೆ ಹೋಯಿತು, ಪೊಲೀಸಿನವನ ತಲೆಯೊಳಗಿನ ಪಟ್ಟಿ ಹೋಗಲಿಲ್ಲ. ಕಳ್ಳಭಟ್ಟಿ ಹುಡುಕಲು ಹೊರಟವನ ಕಾಲು ಮೊದಲು ತಿರುಗುತ್ತಿದ್ದದ್ದು ತಾಂಡಾದ ಕಡೆ, ಕೊರಚರ ಗುಡಿಸಲ ಕಡೆ.

೪

ನಮ್ಮ ಕಡೆ ಸಿಕ್ಕಿಬಿದ್ದವರು ಯಾರೆಂದು ತಾತ ಹೇಳಿದರು. ಕಪೋನ್ ಎಲ್ಲಿ ಹುಟ್ಟಿದ? ನಮ್ಮ ದೇಶದ ಕಪೋನ್‌ಗಳು ಹುಟ್ಟಿದ್ದು ಮುಂಬೈಯಲ್ಲಿ. ೧೯೪೯ರ ಬಾಂಬೆ ಪಾನನಿರೋಧ ಕಾಯ್ದೆಯಲ್ಲಿ ಆರೋಗ್ಯದ ಕಾರಣ ಹೇಳಿ ಪರ್ಮಿಟ್ ಪಡೆದವನಿಗೆ ವಿದೇಶಿ ಮದ್ಯ ಸಿಗುತ್ತಿತ್ತು. ಮಿಲ್ ಕೂಲಿಗೆ ಯಾವ ಡಾಕ್ಟರು ಚೀಟಿ ಬರೆಯುತ್ತಾನೆ? ಅವನಿಗೆ ಧಾರಾವಿಯ ಭಟ್ಟಿ. ರೈಲು ನಿಲ್ದಾಣದಲ್ಲಿ ಮೂಟೆ ಹೊರುತ್ತಿದ್ದ ವರದರಾಜನ್ ಮುದಲಿಯಾರ್ ಆ ಭಟ್ಟಿ ವ್ಯಾಪಾರದಿಂದಲೇ ದೊರೆಯಾದ. ಅವನ ಬದುಕಿನ ನೆರಳಿರುವ ಮಣಿರತ್ನಂ ಅವರ 'ನಾಯಕನ್' ಬಂದದ್ದೂ ೧೯೮೭ರಲ್ಲಿ, 'ಅನ್‌ಟಚಬಲ್ಸ್' ಬಂದ ವರ್ಷವೇ. ಇಂಗ್ಲಿಷ್ ಸಿನಿಮಾದಲ್ಲಿ ನಾಯಕ ಪೊಲೀಸು; ತಮಿಳು ಸಿನಿಮಾದಲ್ಲಿ ನಾಯಕ ಕಳ್ಳಸಾಗಣೆಯವನು. ಪೊಲೀಸಿನವನ ಬೂಟಿನ ಏಟು ತಿಂದವರ ನಾಡಿನಲ್ಲಿ ಜನರ ಚಪ್ಪಾಳೆ ಯಾರ ಕಡೆ ಹೋಗುತ್ತದೆ ಎಂಬುದು ಇದರಲ್ಲಿ ಕಾಣುತ್ತದೆ. ಆದರೆ ದೊರೆಯ ಭಟ್ಟಿ ಕಾಯ್ದವರು, ಕ್ಯಾನು ಹೊತ್ತವರು, ಕುಡಿದು ಕಣ್ಣು ಕಳೆದುಕೊಂಡವರು ಎರಡೂ ಸಿನಿಮಾಗಳಲ್ಲಿ ಹಿಂದಿನ ಸಾಲಿನಲ್ಲಿದ್ದಾರೆ.

ಇದೆಲ್ಲವನ್ನೂ ಬಾಬಾಸಾಹೇಬರು ಕಂಡಿದ್ದರು. ಅವರ ಪರಿಶಿಷ್ಟ ಜಾತಿ ಫೆಡರೇಷನ್ನು ೧೯೫೧ರಲ್ಲಿ ಹೊರಡಿಸಿದ ಚುನಾವಣಾ ಪ್ರಣಾಳಿಕೆಯಲ್ಲಿ ಪಾನನಿರೋಧವನ್ನು ರದ್ದು ಮಾಡಬೇಕು ಎಂದು ನೇರವಾಗಿ ಕೇಳಿದೆ. ಅದು ಕೊಡುವ ಕಾರಣಗಳು ಸರಳ: ಪಾನನಿರೋಧದಿಂದ ಬೊಕ್ಕಸ ಬರಿದಾಗುತ್ತದೆ, ಮದ್ಯ ತಯಾರಿಕೆ ಗೃಹಕೈಗಾರಿಕೆಯಾಗಿ ಮನೆಯೊಳಗೇ ನುಗ್ಗಿದೆ, ಮೊದಲು ಗಂಡಸರಷ್ಟೇ ಕುಡಿಯುತ್ತಿದ್ದರು, ಈಗ ಹೆಂಗಸರು ಮಕ್ಕಳ ಕಣ್ಣೆದುರಿಗೇ ಕಾಸುತ್ತಾರೆ, ಅವರೂ ಕುಡಿಯುತ್ತಾರೆ, ಅಪರಾಧ ಹೆಚ್ಚಿದೆ. ಉಳಿಯುವ ದುಡ್ಡು ಜನರ ಏಳಿಗೆಗೆ ಹೋಗಲಿ ಎಂಬುದು ಅವರ ಲೆಕ್ಕ. ಮೊದಲ ಸಲ ಇದನ್ನು ಓದಿದಾಗ ನಮ್ಮಲ್ಲೇ ಜಗಳವಾಯಿತು. ಅಪ್ಪಂದಿರ ಕುಡಿತದಿಂದ ಬೆಂದವರು ನಾವು. ಬಾಬಾಸಾಹೇಬರು ಹೀಗೆ ಹೇಳಬಹುದೇ? ಆಮೇಲೆ ತಾತನ ಹಿತ್ತಲಿನ ಮಡಕೆ ನೆನಪಾಯಿತು. ಆ ಪ್ರಣಾಳಿಕೆಯನ್ನು ಬರೆದವರ ಕಣ್ಣ ಮುಂದೆ ಆ ಮಡಕೆಯೂ ಆ ಬೇಡಿಯೂ ಇದ್ದವು.

೫

೧೯೬೭ರಲ್ಲಿ ಮೈಸೂರು ರಾಜ್ಯ ಪಾನನಿರೋಧ ಕೈಬಿಟ್ಟಿತು. ಆಗ ಮುಖ್ಯಮಂತ್ರಿ ನಮ್ಮ ಚಿತ್ರದುರ್ಗದವರೇ ಆದ, ಗಾಂಧಿವಾದಿ ಎಸ್. ನಿಜಲಿಂಗಪ್ಪ. ಅಮೆರಿಕಾದಲ್ಲಿ ೧೯೩೩ರಲ್ಲಿ ಆದದ್ದೇ ಇಲ್ಲೂ ಆಯಿತು: ಕಳ್ಳಭಟ್ಟಿ ನಿಲ್ಲಲಿಲ್ಲ, ಬೊಕ್ಕಸಕ್ಕೆ ದುಡ್ಡು ಬೇಕಾಯಿತು. ಬಾಬಾಸಾಹೇಬರ ಪ್ರಣಾಳಿಕೆಯ ಅರ್ಧವನ್ನು ಮಾತ್ರ ಸರ್ಕಾರ ಪಾಲಿಸಿದಂತಾಯಿತು. ಅಂಗಡಿ ತೆರೆಯಿತು. ದುಡ್ಡು ನಮ್ಮ ಏಳಿಗೆಗೆ ಬರುವ ಬದಲು ಅದರ ದೊಡ್ಡ ಪಾಲು ಹೊಸ ದೊರೆಗಳ ಕೈ ಸೇರಿತು.

ಅವರೇ ಸಾರಾಯಿ ಗುತ್ತಿಗೆದಾರರು. ಹರಾಜಿನಲ್ಲಿ ತಾಲ್ಲೂಕುಗಳನ್ನೇ ಹಿಡಿದವರು. ಕಪೋನ್ ಕಾನೂನಿನ ಹೊರಗಿದ್ದ, ಇವರು ಒಳಗಿದ್ದರು – ವ್ಯತ್ಯಾಸ ಇಷ್ಟೇ. ಕಂಟ್ರಾಕ್ಟರ ಹುಡುಗರು ಜೀಪಿನಲ್ಲಿ ಬಂದು ಕೇರಿ ತಾಂಡಾಗಳಲ್ಲಿ ಭಟ್ಟಿ ಹುಡುಕುತ್ತಿದ್ದರು, ಯಾಕೆಂದರೆ ಮನೆಯ ಮಡ್ಡಿ ಕುಡಿದರೆ ಅಂಗಡಿಯ ಸಾರಾಯಿ ಖರ್ಚಾಗುವುದಿಲ್ಲ. ಪಾನನಿರೋಧದಲ್ಲಿ ಪೊಲೀಸಿನವನು ಒಡೆಯುತ್ತಿದ್ದ ಮಡಕೆಯನ್ನು ಈಗ ಗುತ್ತಿಗೆದಾರನ ಆಳು ಒಡೆದ. ಒಡೆದದ್ದು ಅದೇ ಮಡಕೆ.

ಆ ದುಡ್ಡು ಚುನಾವಣೆಗೆ ಹರಿಯಿತು, ಸರ್ಕಾರಗಳನ್ನು ಅಲ್ಲಾಡಿಸಿತು. ಸಾರಾಯಿ ಬಾಟ್ಲಿಂಗ್ ಗುತ್ತಿಗೆಯ ವಿಷಯದಲ್ಲಿ ಹೈಕೋರ್ಟು ಟೀಕಿಸಿದ್ದಕ್ಕೆ ೧೯೮೬ರ ಫೆಬ್ರವರಿಯಲ್ಲಿ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟು ಮೂರು ದಿನಕ್ಕೆ ವಾಪಸ್ಸು ತೆಗೆದುಕೊಂಡರು. ಮುಖ್ಯಮಂತ್ರಿಯ ಕುರ್ಚಿಗೆ ಮೂರು ದಿನದ ಸೂತಕ. ಕೇರಿಗಳ ಸೂತಕ ಹಾಗೆ ಕಳೆಯುವಂಥದ್ದಲ್ಲ. ೧೯೮೧ರ ಜುಲೈನಲ್ಲಿ ಬೆಂಗಳೂರಿನಲ್ಲಿ ಮಿಥೈಲ್ ಬೆರೆತ ಅಗ್ಗದ ಸಾರಾಯಿ ಕುಡಿದು ೩೦೦ಕ್ಕೂ ಹೆಚ್ಚು ಜನ ಸತ್ತರು. ಸತ್ತವರು ಯಾರು? ಕೂಲಿಗಳು, ಕೊಳೆಗೇರಿಯವರು. ಅಮೆರಿಕಾದವರನ್ನು ೧೯೨೬ರಲ್ಲಿ ಕೊಂದ ವಿಷವೇ ಐವತ್ತೈದು ವರ್ಷದ ಮೇಲೆ ಬೆಂಗಳೂರಿನ ಬಡವರನ್ನು ಕೊಂದಿತು. ನಿಷೇಧವಿದ್ದಾಗ ಒಂದು ಕಡೆ, ನಿಷೇಧವಿಲ್ಲದಾಗ ಇನ್ನೊಂದು ಕಡೆ. ವಿಷಕ್ಕೆ ಕಾನೂನು ಗೊತ್ತಿಲ್ಲ, ಬಡವನ ಬಾಯಿ ಮಾತ್ರ ಗೊತ್ತು.

೨೦೦೭ರ ಜುಲೈ ೧ರಿಂದ ಸಾರಾಯಿ ನಿಷೇಧವಾಯಿತು. ಮರುವರ್ಷದ ಮೇ ತಿಂಗಳಲ್ಲೇ ಕೋಲಾರ, ಬೆಂಗಳೂರು ಕಡೆ ಮತ್ತು ತಮಿಳುನಾಡಿನ ಗಡಿಯಲ್ಲಿ ಕಳ್ಳ ಸಾರಾಯಿಗೆ ನೂರಕ್ಕೂ ಮಿಕ್ಕಿ ಜನ ಬಲಿಯಾದರು. ಸಾರಾಯಿ ಪ್ಯಾಕೆಟ್ಟಿನ ಜಾಗಕ್ಕೆ ಅಗ್ಗದ ವಿಸ್ಕಿಯ ಟೆಟ್ರಾ ಪ್ಯಾಕು ಬಂತು. ಕುಡಿಯುವವನು ಅವನೇ, ಕೊಡುವ ದುಡ್ಡು ಮಾತ್ರ ಜಾಸ್ತಿ. ೨೦೨೫–೨೬ರ ಬಜೆಟ್ಟಿನಲ್ಲಿ ಕರ್ನಾಟಕ ಸರ್ಕಾರ ಅಬಕಾರಿಯಿಂದ ನಿರೀಕ್ಷಿಸಿದ್ದು ೪೦,೦೦೦ ಕೋಟಿ ರೂಪಾಯಿ. ಚಳ್ಳಕೆರೆಯನ್ನು ಹಿಂದಿನವರು ಎಣ್ಣೆಯ ಊರು ಎನ್ನುತ್ತಿದ್ದರು. ಕಡಲೆಕಾಯಿ ಎಣ್ಣೆ ಗಿರಣಿಗಳ ಹೊಗೆ ಊರಿಗೆಲ್ಲ ಹಬ್ಬುತ್ತಿತ್ತು. ಈಗ ನಮ್ಮ ಓರಗೆಯ ಹುಡುಗರು 'ಎಣ್ಣೆ' ಎಂದರೆ ಅರ್ಥ ಬೇರೆ.

೬

ಸಿನಿಮಾದಲ್ಲಿ ನಮಗೆ ಕಾಣದೇ ಹೋದ ಇನ್ನೊಬ್ಬರಿದ್ದಾರೆ: ಹೆಂಗಸರು. ಪಾನನಿರೋಧಕ್ಕಾಗಿ ಬೀದಿಗಿಳಿದ ಅಮೆರಿಕಾದ ಹೆಂಗಸರು ಆ ಚಿತ್ರದಲ್ಲಿ ಇಲ್ಲ. ನಮ್ಮ ಗಡಿಯಾಚೆ ೧೯೯೨ರಲ್ಲಿ ನೆಲ್ಲೂರು ಜಿಲ್ಲೆಯ ದೂಬಗುಂಟದ ಕೂಲಿ ಹೆಂಗಸರು ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿಯುತ್ತಾ, ಪಾಠದಲ್ಲಿ ಹೆಂಗಸರು ಸಾರಾಯಿ ಅಂಗಡಿ ಮುಚ್ಚಿಸಿದ ಕಥೆ ಓದಿ, ತಮ್ಮೂರಿನ ಅಂಗಡಿಯನ್ನೂ ಮುಚ್ಚಿಸಿದರು. ಹಳ್ಳಿಯ ಮೇಷ್ಟ್ರುಗಳು ಗಮನಿಸಬೇಕು, ಒಂದು ಪಾಠದ ಶಕ್ತಿ ಇದು. ಆ ಕಿಚ್ಚಿಗೆ ಹೆದರಿ ಆಂಧ್ರ ಸರ್ಕಾರ ೧೯೯೩ರ ಅಕ್ಟೋಬರ್‌ನಲ್ಲಿ ಸಾರಾಯಿ ನಿಷೇಧಿಸಿತು. ೧೯೯೫ರಲ್ಲಿ ಎನ್.ಟಿ. ರಾಮರಾವ್ ಪೂರ್ಣ ಪಾನನಿಷೇಧ ತಂದರು. ೧೯೯೭ರಲ್ಲಿ ಅದನ್ನು ಸಡಿಲಿಸಿದರು – ಮತ್ತೆ ಅದೇ ಬೊಕ್ಕಸದ ಮಾತು. ಆ ಎರಡು ವರ್ಷ ಗೆರೆಯ ಈಚೆಯಿಂದ ಆಚೆಗೆ ಸರಕು ಹರಿಯಿತು. ೨೦೧೯ರ ನಂತರ ಆಂಧ್ರದಲ್ಲಿ ಮದ್ಯದ ಬೆಲೆ ಏರಿದಾಗಲೂ ಕರ್ನಾಟಕದ ಟೆಟ್ರಾ ಪ್ಯಾಕುಗಳು ಗಡಿ ದಾಟಿದವು. ಬೈಕಿನ ಮೇಲೆ ಚೀಲ ಕಟ್ಟಿಕೊಂಡು ಹೋಗಿ ಸಿಕ್ಕಿಬಿದ್ದ ಹುಡುಗರು ನಮ್ಮಂಥವರು. ಅಂಗಡಿ ಮಾಲೀಕ ಗೆರೆಯ ಈಚೆ ಲೈಸೆನ್ಸು ಇಟ್ಟುಕೊಂಡು ಕೂತಿದ್ದ.

ನಮ್ಮ ಚಿತ್ರದುರ್ಗದ ರಸ್ತೆಯೂ ಇದನ್ನು ಕಂಡಿದೆ. ೨೦೧೯ರ ಜನವರಿ ೧೯ರಂದು ಮದ್ಯನಿಷೇಧ ಬೇಕೆಂದು ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಹೊರಟರು. ಸುಮಾರು ೨೦೦ ಕಿಲೋಮೀಟರ್. ರಾಯಚೂರು ಕಡೆಯ ಕೂಲಿ ಹೆಂಗಸರೇ ಹೆಚ್ಚು. ದಾರಿಯಲ್ಲಿ ವಾಹನ ಬಡಿದು ಒಬ್ಬ ತಾಯಿ ಸತ್ತಳು. ಉಳಿದವರು ನಿಲ್ಲಲಿಲ್ಲ, ಗಾಂಧಿ ಸತ್ತ ದಿನ ರಾಜಧಾನಿ ಮುಟ್ಟಿದರು. ಬೊಕ್ಕಸ ಅವರ ಮಾತು ಕೇಳಲಿಲ್ಲ.

ಹಾಗಾದರೆ ನಾವು ಯಾವ ಕಡೆ? ಬಾಬಾಸಾಹೇಬರ ಪ್ರಣಾಳಿಕೆಯ ಕಡೆಯೋ, ನಡೆದು ಹೋದ ಆ ತಾಯಂದಿರ ಕಡೆಯೋ? ಎರಡು ತಿಂಗಳು ಇದೇ ಪ್ರಶ್ನೆ ನಮ್ಮನ್ನು ಕಾಡಿತು. ಉತ್ತರ ಸಿಕ್ಕಿದ್ದು ನಮ್ಮ ಚಳವಳಿಯ ಹಳೆಯ ಘೋಷಣೆಯಲ್ಲಿ. ಎಂಬತ್ತರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಹಳ್ಳಿ ಹಳ್ಳಿಗಳಲ್ಲಿ ಕೂಗಿದ್ದು: 'ಹೆಂಡ ಬೇಡ, ವಸತಿ ಶಾಲೆ ಬೇಕು'. ಈ ಕೂಗು ಪೊಲೀಸನ್ನು ಕರೆಯಲಿಲ್ಲ, ಬೇಡಿ ಕೇಳಲಿಲ್ಲ. ಒಂದನ್ನು ಕೈಬಿಟ್ಟು ಅದರ ಜಾಗದಲ್ಲಿ ಇನ್ನೊಂದನ್ನು ಕೇಳಿತು. ಕುಡಿಯುವವನನ್ನು ಅಪರಾಧಿ ಮಾಡದೆ, ಕುಡಿಸುವವನನ್ನೂ ಅವನ ಹಿಂದಿರುವ ಸರ್ಕಾರವನ್ನೂ ನೇರ ಪ್ರಶ್ನಿಸಿತು.

ಆ ಘೋಷಣೆಯ ಎರಡನೇ ಅರ್ಧ ನಾವು. ನಮ್ಮ ಆರು ಜನರಲ್ಲಿ ನಾಲ್ವರು ಓದಿದ್ದು ವಸತಿ ಶಾಲೆಯಲ್ಲಿ, ಹಾಸ್ಟೆಲಿನಲ್ಲಿ. ಇಬ್ಬರು ಮೊರಾರ್ಜಿ ದೇಸಾಯಿ ಶಾಲೆಯವರು. ಆ ಮೊರಾರ್ಜಿ ಯಾರೆಂದು ಆಗ ನಮಗೆ ಗೊತ್ತಿರಲಿಲ್ಲ. ಈಗ ಓದಿಕೊಂಡೆವು – ಮುಂಬೈ ಪ್ರಾಂತ್ಯದ ಗೃಹಮಂತ್ರಿಯಾಗಿ ಪಾನನಿರೋಧವನ್ನು ಬಿಗಿಯಾಗಿ ಜಾರಿಗೆ ತಂದ ಮನುಷ್ಯನೇ ಅವರು. ಪಾನನಿರೋಧದವರ ಹೆಸರಿನ ಶಾಲೆ, ಅಬಕಾರಿಯಿಂದಲೂ ತುಂಬಿದ ಬೊಕ್ಕಸದ ಅನ್ನ. ಆ ಅನ್ನದಲ್ಲಿ ನಮ್ಮಪ್ಪಂದಿರು ಸಂಜೆ ಕುಡಿದು ಕೊಟ್ಟ ತೆರಿಗೆಯೂ ಇದೆ. ಅಮ್ಮನ ತಾಳಿ, ಕುರಿಮರಿ, ಕೂಲಿಯ ಚಿಲ್ಲರೆ ಅಂಗಡಿಯ ಕಿಟಕಿಯೊಳಗೆ ಹೋಗಿ, ಬೆಂಗಳೂರು ಸುತ್ತಿ, ಒಂದು ತುತ್ತಾಗಿ ನಮ್ಮ ತಟ್ಟೆಗೆ ಬಂತು. ಇದನ್ನು ಸರ್ಕಾರದ ಕೃಪೆ ಎಂದು ನಾವು ಒಪ್ಪುವುದಿಲ್ಲ. ಅದು ನಮ್ಮ ಮನೆಯ ದುಡ್ಡೇ, ಬಹಳ ದೂರ ಬಳಸಿಕೊಂಡು, ಬಹಳ ಜನರ ಕೈಯಲ್ಲಿ ಕರಗಿ ಬಂದದ್ದು. ನಮ್ಮಲ್ಲಿ ಒಬ್ಬನ ಅಪ್ಪ ಮಗನ ಡಿಗ್ರಿ ಕಾಣುವ ಮೊದಲೇ ಲಿವರು ಕೆಟ್ಟು ಹೋದರು. ಆ ಲೆಕ್ಕ ಯಾವ ಬಜೆಟ್ಟಿನಲ್ಲಿದೆ?

ಸಿನಿಮಾದ ಕೊನೆಯಲ್ಲಿ ಒಬ್ಬ ಪತ್ರಕರ್ತ ನೆಸ್‌ನನ್ನು ಕೇಳುತ್ತಾನೆ: ಪಾನನಿರೋಧ ತೆಗೆಯುತ್ತಾರಂತೆ, ನೀವೇನು ಮಾಡುತ್ತೀರಿ? ಅವನು, ಹಾಗಾದರೆ ಒಂದು ಗುಟುಕು ಕುಡಿಯುತ್ತೇನೆ ಎಂದು ನಗುತ್ತಾ ಹೊರಟುಹೋಗುತ್ತಾನೆ. ಕಾನೂನಿದ್ದಾಗ ಹಿಡಿದವನಿಗೂ ಕಾನೂನು ಹೋದಾಗ ಕುಡಿಯುವವನಿಗೂ ಅಲ್ಲಿ ನಷ್ಟವಿಲ್ಲ. ನಮ್ಮ ಕೇರಿಯವನಿಗೆ ಎರಡು ಸಲವೂ ನಷ್ಟವಾಗಿದೆ.

ಆದ್ದರಿಂದ ನಮ್ಮ ಬೇಡಿಕೆ ಸ್ಪಷ್ಟ. ಊರಲ್ಲಿ ಅಂಗಡಿ ಇರಬೇಕೋ ಬೇಡವೋ ಎಂದು ಗ್ರಾಮಸಭೆಯಲ್ಲಿ ಹೆಂಗಸರು ತೀರ್ಮಾನಿಸಲಿ. ಕುಡಿತದ ಕಾಯಿಲೆಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಮದ್ದು ಸಿಗಲಿ, ಲಾಠಿ ಬೇಡ. ಅಬಕಾರಿಯಿಂದ ಬಂದ ದುಡ್ಡಿನ ಲೆಕ್ಕವನ್ನು ಕೇರಿ, ತಾಂಡಾ, ಹಟ್ಟಿಗಳ ಮುಂದೆ ಇಡಲಿ, ಅದು ಶಾಲೆಯಾಗಿ ಹಾಸ್ಟೆಲಾಗಿ ವಾಪಸ್ಸು ಬರಲಿ. ಮತ್ತು ಮೇಷ್ಟ್ರುಗಳೇ, ನಿಮ್ಮ ಶಾಲೆಯ ಮಕ್ಕಳನ್ನು ಅವರವರ ಮನೆಯ ತಾತ ಅಜ್ಜಿಯರ ಬಳಿ ಕಳಿಸಿ. ಪಾನಿರೋದದ ಕಾಲದಲ್ಲಿ ಮಡಕೆ ಯಾರ ಹಿತ್ತಲಲ್ಲಿ ಸಿಕ್ಕಿತು, ಬೆಲ್ಲ ಯಾರು ಕೊಟ್ಟರು, ಬೇಡಿ ಯಾರಿಗೆ ಬಿತ್ತು ಎಂದು ಕೇಳಿ ಬರೆದು ತರಲಿ. ತಾತಂದಿರು ಒಬ್ಬೊಬ್ಬರೇ ಹೋಗುತ್ತಿದ್ದಾರೆ. ಅವರು ಹೋದ ಮೇಲೆ ಉಳಿಯುವುದು ಪೊಲೀಸಿನವರ ಕೇಸಿನ ಹಾಳೆ ಮಾತ್ರ. ಅದರಲ್ಲಿ ಗೌಡರ ಬೆಲ್ಲದ ಮಾತು ಇರುವುದಿಲ್ಲ.